ಸಾವಿನ ಬಗ್ಗೆ ಬರೆದ ಪುಸ್ತಕ ಓದಿದರೆ ದಿನದ ಕೆಲಸಕ್ಕೆ ಅರ್ಥ ಸಿಗುತ್ತಾ?

ನನಗೆ ಸಿಕ್ಕಿದೆ. ಆದರೆ ಪುಸ್ತಕ ಒಂದರಿಂದಲೇ ಅಲ್ಲ.

ಟಾಲ್‌ಸ್ಟಾಯ್ ಅವರ ‘ಇವಾನ್ ಇಲಿಚ್‌ನ ಸಾವು’ (1886) ಓದಿ. ಚಿಕ್ಕ ಕಾದಂಬರಿ, ಎರಡು ಸಂಜೆಯಲ್ಲಿ ಮುಗಿಯುತ್ತೆ. ಇವಾನ್ ನ್ಯಾಯಾಧೀಶ. ಹುದ್ದೆ, ಸಂಬಳ, ಚಂದದ ಮನೆ ಎಲ್ಲ ಇದೆ. ಸಾಯುವಾಗ ಅದ್ಯಾವುದೂ ಕೈ ಹಿಡಿಯುವುದಿಲ್ಲ. ಆದರೆ ನನ್ನ ಮನಸ್ಸಲ್ಲಿ ಕೂತಿದ್ದು ಮನೆಯಾಳು ಗೆರಾಸಿಮ್. ಯಜಮಾನನ ನೋವು ಕಡಿಮೆಯಾಗಲಿ ಅಂತ ಅವನ ಕಾಲುಗಳನ್ನು ತನ್ನ ಹೆಗಲ ಮೇಲಿಟ್ಟುಕೊಂಡು ರಾತ್ರಿಯೆಲ್ಲ ಕೂತಿರುತ್ತಾನೆ. ಎಲ್ಲರೂ ಒಂದಿನ ಹೋಗುವವರೇ, ಇಷ್ಟು ಮಾಡೋಕೇನು ಅನ್ನೋದು ಅವನ ಭಾವ.

ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ ತೋಟ. ಅಪ್ಪ ಶಿವಮೊಗ್ಗದ ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿದ್ದಾಗ ಹೊರಗೆ ಜೋರು ಮಳೆ. ಡ್ರಿಪ್ ಹಾಕಿದ ಕೈ ಸ್ವಲ್ಪ ಎತ್ತಿ ಕೇಳಿದ್ದು ಒಂದೇ: “ಎರಡನೇ ಔಷಧಿ ಹೊಡೆಸಿದ್ಯೇನೋ?” ಕೊಳೆರೋಗ ಬರದಿರಲಿ ಅಂತ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುಂಚೆ ಒಮ್ಮೆ, 40-45 ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕು. ನನಗೆ ಸಿಟ್ಟೇ ಬಂತು. ಇಂಥ ಹೊತ್ತಲ್ಲೂ ತೋಟವಾ ಅನ್ನಿಸಿತು.

ಗೆರಾಸಿಮ್ ಬಗ್ಗೆ ಓದಿದ ಮೇಲೆ ಆ ಪ್ರಶ್ನೆ ಬೇರೆ ಥರ ಕೇಳಿಸತೊಡಗಿತು. ಆ ವರ್ಷದ ಕೊಯ್ಲು ತಾನು ನೋಡುವುದಿಲ್ಲ ಅಂತ ಅಪ್ಪನಿಗೆ ಗೊತ್ತಿತ್ತು. ಆದರೂ ಕಾಯಿ ಕೊಳೆತು ಉದುರಬಾರದು, ಅಷ್ಟೇ.

ಈಗ ಔಷಧಿ ಹೊಡೆಯುವ ದಿನ ಸುಮ್ನೆ ಜಗಲಿಯಲ್ಲಿ ಕೂರುವುದಿಲ್ಲ. ಡ್ರಮ್ಮಿನ ಹತ್ತಿರ ನಿಂತು ಸುಣ್ಣದ ನೀರು ನಾನೇ ಸೋಸುತ್ತೇನೆ.