"ಯಾರ ಮಗ ನೀನು?": ಸಿಂಹಮುಖದ ಹಾವಿನ ಕನಸು

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಬ್ಬರ ಪ್ರಕರಣ ಇದು. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು ಹೇಳುತ್ತಿಲ್ಲ. ಕೆಲಸ ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕನಸನ್ನು ಮಾತ್ರ ಅವರು ಹೇಳಿದ ಹಾಗೇ ಇಟ್ಟಿದ್ದೇನೆ.

ಬಂದವರು ಮೂವತ್ತರ ಆಸುಪಾಸಿನ ಯುವಕ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಜಾಸ್ತಿ ರಾತ್ರಿ ಪಾಳಿ. ಅಪ್ಪ ಅಮ್ಮನ ಜೊತೆ, ಅಪ್ಪ ಕಟ್ಟಿಸಿದ ಮನೆಯಲ್ಲೇ ವಾಸ. ಕನಸು ಹೀಗಿತ್ತು: ಉದ್ದನೆಯ ಓಣಿ, ಏಳು ಗೇಟು. ಪ್ರತಿ ಗೇಟಿನಲ್ಲೂ ಒಬ್ಬ ವಾಚ್‌ಮನ್. ಎಲ್ಲರೂ ಕೇಳುವುದು ಒಂದೇ, "ಯಾರ ಮಗ ನೀನು?" ಉತ್ತರ ಬಾಯಿಗೆ ಬರುವುದಿಲ್ಲ. ಹೇಗೋ ಕೊನೆಯ ಗೇಟಿಗೆ ಬಂದರೆ ಅಲ್ಲಿ ಹಾವಿನ ಮೈ, ಸಿಂಹದ ಮುಖ. ಅದು ಹೇಳುತ್ತದೆ: "ಇದೆಲ್ಲ ನಂದು. ನನ್ನ ಮೇಲೆ ಇನ್ಯಾರೂ ಇಲ್ಲ."

ಮಾರನೇ ದಿನ ಅವರು ಫೋನಿನಲ್ಲಿ ಹುಡುಕಿದರು. ಯಾಲ್ಡಬೋತ್ ಎಂಬ ಹೆಸರು ಸಿಕ್ಕಿತು. ಈ ಜಗತ್ತನ್ನು ಮಾಡಿದವನು ನಿಜವಾದ ದೇವರಲ್ಲ ಎಂದು ನಂಬಿದ್ದ, ಸುಮಾರು ಎರಡು ಸಾವಿರ ವರ್ಷ ಹಿಂದಿನ ಗ್ನಾಸ್ಟಿಕ್ ಪಂಥದವರು ಅವನಿಗೆ ಇಟ್ಟ ಹೆಸರು ಅದು. ಸಿಂಹದ ಮುಖ, ಹಾವಿನ ಮೈ, ಅದೇ ಮಾತು. ಆಮೇಲೆ ಒಂದಾದ ಮೇಲೊಂದು ವಿಡಿಯೊ. ಜಗತ್ತೇ ಜೈಲು, ಕಾಣದ ಕಾವಲುಗಾರರು ನಮ್ಮನ್ನು ಆಳುತ್ತಿದ್ದಾರೆ, ಸುತ್ತ ಇರುವವರೆಲ್ಲ ನಿದ್ದೆಯಲ್ಲಿದ್ದಾರೆ. ಅವರು ಮನೆಯವರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು. ನಿದ್ದೆ ಮೂರು ನಾಲ್ಕು ಗಂಟೆಗೆ ಇಳಿಯಿತು. ರಾಜೀನಾಮೆ ಪತ್ರ ಬರೆದಿಟ್ಟುಕೊಂಡಿದ್ದರು.

"ನಾನು ಇದನ್ನ ಎಲ್ಲೂ ಓದಿಲ್ಲ ಮೇಡಂ. ಓದದೇ ಇರೋದು ಕನಸಲ್ಲಿ ಹೇಗೆ ಬಂತು? ಅಂದ್ರೆ ಅದು ನಿಜ ಅಂತಾನೇ ಅಲ್ವಾ?"

ಕನಸಿನ ಅರ್ಥಕ್ಕೆ ಕೈ ಹಾಕುವ ಮೊದಲು ಕೇಳಲೇಬೇಕಾದ ಪ್ರಶ್ನೆಗಳಿದ್ದವು. ಎಚ್ಚರದಲ್ಲೂ ಆ ದನಿ ಕೇಳುತ್ತದಾ? ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನಿಸುತ್ತದಾ? ಸಾಯಬೇಕು ಅನ್ನಿಸಿದೆಯಾ? ಮೂರಕ್ಕೂ ಇಲ್ಲ ಅಂದರು. ಆದರೂ ಮನೋವೈದ್ಯರ ಹತ್ತಿರ ಒಮ್ಮೆ ಕಳಿಸಿದೆ. ಇಷ್ಟು ಕಡಿಮೆ ನಿದ್ದೆ, ಇಷ್ಟು ಬಲವಾದ ನಂಬಿಕೆ ಒಟ್ಟಿಗೆ ಇದ್ದಾಗ ಬರೀ ಮಾತಿನಲ್ಲಿ ಮುಂದುವರಿಯುವುದು ಸರಿಯಲ್ಲ. ವೈದ್ಯರು ನೋಡಿ, ಮೊದಲು ನಿದ್ದೆ ಸರಿಮಾಡಿಕೊಳ್ಳಿ, ಆಪ್ತಸಲಹೆ ಮುಂದುವರಿಸಿ ಅಂದರು.

ಓದದೇ ಇರುವುದು ಕನಸಿಗೆ ಬರುತ್ತದಾ? ಈ ಪ್ರಶ್ನೆಯ ಜೊತೆ ಜೀವನವಿಡೀ ಗುದ್ದಾಡಿದವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್. ಗ್ನಾಸ್ಟಿಕ್ ಕಥೆಗಳು ಮನುಷ್ಯನ ಒಳಮನಸ್ಸು ತನ್ನನ್ನೇ ಚಿತ್ರಿಸಿಕೊಂಡ ಬಗೆ ಎಂದು ಅವರು ಓದಿಕೊಂಡರು. 1916ರಲ್ಲಿ ಅಲೆಕ್ಸಾಂಡ್ರಿಯಾದ ಗ್ನಾಸ್ಟಿಕ್ ಗುರು ಬೆಸಿಲಿಡೀಸ್ ಹೆಸರಿನಲ್ಲಿ ಏಳು ಪ್ರವಚನಗಳನ್ನೂ ಬರೆದರು. ಆಗ ಆ ಪಂಥದ ಬಗ್ಗೆ ಸಿಗುತ್ತಿದ್ದದ್ದು ಬಹುಪಾಲು ವಿರೋಧಿಗಳು ಬರೆದ ಖಂಡನೆಗಳೇ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾಡಿ ಹತ್ತಿರ ರೈತರಿಗೆ ಮಣ್ಣಿನ ಜಾಡಿಯೊಂದರಲ್ಲಿ ಕಾಪ್ಟಿಕ್ ಭಾಷೆಯ ಹಳೆಯ ಹಸ್ತಪ್ರತಿಗಳು ಸಿಕ್ಕವು. ಯಾಲ್ಡಬೋತ್‌ನ ಕಥೆ ಹೇಳುವ 'ಯೋಹಾನನ ರಹಸ್ಯ ಗ್ರಂಥ'ದ ಮೂರು ಪ್ರತಿಗಳು ಅದರಲ್ಲಿದ್ದವು. ಅಲ್ಲಿ ಸಿಕ್ಕ ಒಂದು ಹಸ್ತಪ್ರತಿಯನ್ನು 1952ರಲ್ಲಿ ಜ್ಯೂರಿಕ್‌ನ ಯೂಂಗ್ ಸಂಸ್ಥೆಗಾಗಿಯೇ ಕೊಂಡರು. ಅದು ಆಮೇಲೆ ಕೈರೋಗೆ ವಾಪಸ್ ಹೋಯಿತು.

ಇಷ್ಟು ಮಾತ್ರ ಹೇಳಿದರೆ ನನ್ನ ಮುಂದಿದ್ದ ಯುವಕನ ಭಯ ಇನ್ನೂ ಗಟ್ಟಿಯಾಗುತ್ತಿತ್ತು. ಯೂಂಗ್ ಇನ್ನೊಂದು ಮಾತನ್ನೂ ಬರೆದಿದ್ದಾರೆ. 1905ರ ಒಂದು ಲೇಖನದಲ್ಲಿ, ಓದಿ ಪೂರ್ತಿ ಮರೆತದ್ದು ಎಷ್ಟೋ ವರ್ಷಗಳ ಮೇಲೆ ಹೊಸದೆಂಬಂತೆ ಮನಸ್ಸಿಗೆ ಬರುತ್ತದೆ ಎಂದು ತೋರಿಸಿದರು. ತತ್ವಜ್ಞಾನಿ ನೀಚೆಯ ಪುಸ್ತಕದ ಒಂದು ಭಾಗ, ಅವರು ಹುಡುಗನಾಗಿದ್ದಾಗ ಓದಿದ ಬೇರೆ ಲೇಖಕರ ಬರಹದಿಂದ ಅವರಿಗೇ ಗೊತ್ತಿಲ್ಲದೆ ಬಂದಿತ್ತು. ಅದು ನಿಜ ಎಂದು ನೀಚೆಯ ತಂಗಿಯೂ ಒಪ್ಪಿದ್ದರು.

ಹಾಗಾಗಿ ಇಬ್ಬರೂ ಕೂತು ಅವರ ಫೋನಿನಲ್ಲಿ ನೋಡಿದ ವಿಡಿಯೊಗಳ ಪಟ್ಟಿ ತೆಗೆದೆವು. ಬೆರಳಾಡಿಸುತ್ತಾ ಹಿಂದೆ ಹಿಂದೆ ಹೋದರು. ಕನಸಿಗಿಂತ ಸುಮಾರು ಮೂರು ವಾರ ಮೊದಲು, ಬೆಳಗಿನ ಜಾವ, ಪಾಳಿ ಮುಗಿಸಿ ಬಂದು ಮಲಗಿದ ಹೊತ್ತು. ಯಾವುದೋ ಗೇಮ್‌ನ ವಿಡಿಯೊ ಮುಗಿದು ತಾನಾಗಿಯೇ ಶುರುವಾದ ಇನ್ನೊಂದು ವಿಡಿಯೊ. ಅದರ ಚಿತ್ರದಲ್ಲಿ ಸಿಂಹದ ಮುಖದ ಹಾವು. ಅವರ ಮುಖ ಬಾಡಿತು.

"ಹಾಗಾದ್ರೆ ಎಲ್ಲ ಸುಳ್ಳಾ ಮೇಡಂ?"

ಸುಳ್ಳಲ್ಲ. ಆ ತಿಂಗಳು ನೀವು ನೂರಾರು ವಿಡಿಯೊ ನೋಡಿದ್ದೀರಿ. ನಿಮ್ಮ ಮನಸ್ಸು ಅಷ್ಟರಲ್ಲಿ ಇದನ್ನೇ ಯಾಕೆ ಎತ್ತಿಕೊಂಡಿತು? ನಿಜವಾದ ಪ್ರಶ್ನೆ ಅದು ಅಂದೆ.

ಯೂಂಗ್ ಹಿಡಿದ ಕ್ರಮವೂ ಅದೇ. ಮೊದಲು ಕನಸು ಕಂಡವರ ಬದುಕನ್ನು ಕೇಳಬೇಕು. ಪುರಾಣ, ಹಳೆಯ ಗ್ರಂಥ ಎಲ್ಲ ಆಮೇಲೆ. ವಿಡಿಯೊಗಳು ಇದನ್ನು ತಲೆಕೆಳಗು ಮಾಡುತ್ತವೆ. ನಿಮ್ಮ ಬಗ್ಗೆ ಏನೂ ಕೇಳದೆ ನಿಮ್ಮ ಕನಸಿಗೆ ಹೆಸರು ಕೊಟ್ಟುಬಿಡುತ್ತವೆ. ನನಗೆ ಇದರ ಬಗ್ಗೆ ತುಂಬಾ ಬೇಸರವಿದೆ, ಯಾಕೆಂದರೆ ಹೆದರಿದ ಮನಸ್ಸು ಆ ಹೆಸರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಆ ದನಿ ಯಾರದ್ದು ಎಂದು ಕೇಳಿದೆ. ಅವರು ತಡಮಾಡಲಿಲ್ಲ. "ಅಪ್ಪ ಊಟಕ್ಕೆ ಕೂತಾಗ ಹೀಗೇ ಹೇಳ್ತಾರೆ. ಈ ಮನೇಲಿ ಒಂದೊಂದು ಇಟ್ಟಿಗೇನೂ ನಾನು ದುಡಿದದ್ದು, ನಾನಿರೋವರೆಗೂ ನನ್ನ ಮಾತೇ ಕೊನೆ ಅಂತ." ಮಗನಿಗೆ ಕೆಲಸ ಬಿಟ್ಟು ಬಿ.ಎಡ್ ಮಾಡಿ ಮೇಷ್ಟ್ರಾಗುವ ಆಸೆ. ಅಪ್ಪನ ಮುಂದೆ ಒಮ್ಮೆ ಬಾಯಿಬಿಟ್ಟಿದ್ದರು. ಮತ್ತೆ ಎತ್ತಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು. "ಸೈಟ್ ತಗೊಂಡಿದ್ದು ಅಜ್ಜಿ ಗದ್ದೆ ಮಾರಿದ ದುಡ್ಡಲ್ಲಿ. ಅದನ್ನ ಮನೇಲಿ ಯಾರೂ ಮಾತಾಡಲ್ಲ. ಗೇಟಿನ ಪಕ್ಕ ಕಲ್ಲಿನ ಮೇಲೆ ಅಪ್ಪನ ಹೆಸರಷ್ಟೇ ಇದೆ."

ಆಗ ಹಳೆಯ ಕಥೆಯ ಉಳಿದ ಅರ್ಧ ಹೇಳಿದೆ. ಯಾಲ್ಡಬೋತ್ ತನ್ನ ಶಕ್ತಿ ಪಡೆದದ್ದು ತಾಯಿ ಸೋಫಿಯಾಳಿಂದ. ಅದು ಅವನಿಗೆ ಗೊತ್ತಿಲ್ಲ. ನನ್ನ ಬಿಟ್ಟು ಯಾರೂ ಇಲ್ಲ ಅನ್ನುವುದು ಆ ಅಜ್ಞಾನದ ಮಾತು. ಅವರು ತುಂಬಾ ಹೊತ್ತು ಸುಮ್ಮನಿದ್ದರು.

ಇಲ್ಲಿಗೇ ನಿಲ್ಲಿಸಿದರೆ ಅಪ್ಪನೇ ರಾಕ್ಷಸ ಎಂಬಲ್ಲಿಗೆ ಬಂದು ಮುಟ್ಟುತ್ತಿತ್ತು. ಅದು ನ್ಯಾಯವೂ ಅಲ್ಲ, ಪೂರ್ತಿ ಸತ್ಯವೂ ಅಲ್ಲ. ಕನಸಿನಲ್ಲಿ ಬರುವವರೆಲ್ಲ ಕನಸು ಕಂಡವರ ಒಳಗಿನವರೂ ಹೌದು. ಆ ಸಿಂಹವಾಗಿ ನೀವೇ ಆ ಮಾತು ಹೇಳಿ ನೋಡಿ ಅಂದೆ. ಹೇಳಿದರು. ಈಚೆಗೆ ಮನೆಯಲ್ಲಿ ಇನ್ನು ಯಾರು ಹೀಗೆ ಮಾತಾಡುತ್ತಿದ್ದಾರೆ ಎಂದು ಕೇಳಿದೆ. ಅವರ ಕಣ್ಣು ತುಂಬಿತು. "ಮೊನ್ನೆ ಅಮ್ಮ ಊಟಕ್ಕೆ ಕರೆದಾಗ, ನಿಮಗ್ಯಾರಿಗೂ ಏನೂ ಗೊತ್ತಿಲ್ಲ, ನನಗೊಬ್ಬನಿಗೇ ಗೊತ್ತಿರೋದು ಅಂದೆ." ದೊಡ್ಡ ಚಿತ್ರವೊಂದು ಒಳಗಿಂದ ಬಂದಾಗ ಮನುಷ್ಯ ತಾನೇ ಅದಾಗಿ ಉಬ್ಬಿಹೋಗುತ್ತಾನೆ ಎಂದು ಯೂಂಗ್ ಎಚ್ಚರಿಸಿದ್ದು ಇದನ್ನೇ.

ಕೊಟ್ಟ ಸಲಹೆ ಸರಳ. ಫೋನ್ ಮಲಗುವ ಕೋಣೆಯ ಹೊರಗೆ. ಈ ವಿಷಯದ ವಿಡಿಯೊ ಸದ್ಯಕ್ಕೆ ಬೇಡ. ದಿನಕ್ಕೆ ಒಂದು ಊಟ ಮನೆಯವರ ಜೊತೆ, ಮಾತಾಡದಿದ್ದರೂ ಪರವಾಗಿಲ್ಲ. ರಾಜೀನಾಮೆ ಎರಡು ತಿಂಗಳು ಕೊಡುವ ಹಾಗಿಲ್ಲ. ಅಪ್ಪನಿಗೆ ಯಾಲ್ಡಬೋತ್ ಕಥೆ ಹೇಳುವ ಹಾಗೂ ಇಲ್ಲ. 1913ರ ನಂತರ ಯೂಂಗ್ ಅವರಿಗೂ ಭಯಂಕರ ದೃಶ್ಯಗಳು ಕಾಣುತ್ತಿದ್ದವು. ನನಗೆ ಹೆಂಡತಿ ಇದ್ದಾಳೆ, ಐದು ಮಕ್ಕಳಿದ್ದಾರೆ, ರೋಗಿಗಳನ್ನು ನೋಡಬೇಕು, ಕ್ಯೂಸ್ನಾಖ್ಟ್‌ನ ಸೇಸ್ಟ್ರಾಸೆ 228ರಲ್ಲಿ ನನ್ನ ಮನೆ ಎಂದು ತಮಗೆ ತಾವೇ ಹೇಳಿಕೊಂಡು ನಿಂತರು. ನೀವೂ ನಿಮ್ಮ ಮನೆ ನಂಬರಿನಿಂದ ಶುರು ಮಾಡಿ ಅಂದೆ.

ಇನ್ನೊಂದು ಕೆಲಸ ಕೊಟ್ಟಿದ್ದೆ. ಹಗಲು ಹೊತ್ತು, ಎಚ್ಚರದಲ್ಲಿ, ವಾಚ್‌ಮನ್‌ನ ಪ್ರಶ್ನೆಗೆ ಉತ್ತರ ಬರೆಯಿರಿ, ಯೋಚಿಸಿ ತಿದ್ದಬೇಡಿ. ಅವರು ಬರೆದು ತಂದದ್ದು ಅಜ್ಜಿಯ ಹೆಸರು, ಮುಂದೆ "ಅವರ ಮೊಮ್ಮಗ". ನಾಗ್ ಹಮ್ಮಾಡಿಯ ಇನ್ನೊಂದು ಗ್ರಂಥದಲ್ಲಿ, ಸತ್ತ ಮೇಲೆ ಆತ್ಮವನ್ನು ಸುಂಕದವರು ತಡೆದು ನೀನು ಯಾರು, ಎಲ್ಲಿಂದ ಬಂದೆ ಎಂದು ಕೇಳುತ್ತಾರೆ. ಕೊನೆಗೆ ಆತ್ಮ, ಈ ಗ್ರಂಥದಲ್ಲಿ ಆ ಸುಂಕದವರ ತಾಯಿಗೂ ತಾಯಿಯಾದ ಸೋಫಿಯಾಳನ್ನು ಕರೆಯುತ್ತದೆ. ಅವರೆಲ್ಲ ಗಲಿಬಿಲಿಯಾಗುತ್ತಾರೆ. ಇದನ್ನು ಅವರು ಬರೆದ ಮೇಲೆ ಹೇಳಿದೆ, ಮೊದಲೇ ಅಲ್ಲ.

ನಿದ್ದೆ ಈಗ ಆರು ಗಂಟೆ ದಾಟಿದೆ. ಅಪ್ಪನ ಹತ್ತಿರ ಗದ್ದೆ ವಿಷಯ ಎತ್ತಿದಾಗ ಅವರು ರೇಗಿ ಎದ್ದುಹೋದರಂತೆ. ಒಂದೆರಡು ದಿನ ಕಳೆದ ಮೇಲೆ ಆ ಗದ್ದೆಯಲ್ಲಿ ಯಾವ ಭತ್ತ ಬೆಳೆಯುತ್ತಿತ್ತು ಎಂದು ತಾವಾಗಿಯೇ ಹೇಳಿದರಂತೆ. ಬಿ.ಎಡ್ ಮಾತು ಇನ್ನೂ ಆಗಿಲ್ಲ. ಎರಡು ವರ್ಷದ ಖರ್ಚಿಗೆ ಉಳಿತಾಯ ಸಾಕಾಗುತ್ತದಾ ಎಂದು ಈಗ ಲೆಕ್ಕ ಹಾಕುತ್ತಿದ್ದೇವೆ.

ಇಂಥ ಕನಸು ಬಿದ್ದವರು, ಎಚ್ಚರದಲ್ಲೂ ದನಿ ಕೇಳುತ್ತಿದ್ದರೆ, ನಿದ್ದೆ ಪೂರ್ತಿ ಹೋಗಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಅರ್ಥ ಹುಡುಕುತ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.