ಸುರಕ್ಷತಾ ಕಾನೂನುಗಳೆಲ್ಲ ದುರಂತಗಳಾದ ಮೇಲೆಯೇ ಹುಟ್ಟಿದವೇ?

ಕೆಲಸದ ಸ್ಥಳದ ಸುರಕ್ಷತಾ ಕಾನೂನುಗಳೆಲ್ಲ ದೊಡ್ಡ ದುರಂತಗಳಾದ ಮೇಲೆಯೇ ಬಂದವೇ ಎಂದು ಕೇಳಿದ್ದೀರಿ. ಅರ್ಧ ನಿಜ. 1911ರಲ್ಲಿ ನ್ಯೂಯಾರ್ಕಿನ ಒಂದು ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು, ಬಾಗಿಲಿಗೆ ಬೀಗ ಹಾಕಿದ್ದರಿಂದ ಹೊರಬರಲಾಗದವರೂ ಸೇರಿ 146 ಜನ ಸತ್ತರು. ಆ ರಾಜ್ಯದ ಕಾರ್ಮಿಕ ಕಾನೂನುಗಳೇ ಬದಲಾದವು. 1984ರ ಭೋಪಾಲದ ನಂತರ, 1987ರಲ್ಲಿ ಭಾರತದ ಕಾರ್ಖಾನೆ ಕಾಯಿದೆಗೆ ಅಪಾಯಕಾರಿ ಪ್ರಕ್ರಿಯೆಗಳ ಹೊಸ ಅಧ್ಯಾಯ ಸೇರಿತು. ಆದರೆ ಸುರಕ್ಷತಾ ಅಧಿಕಾರಿಯಾಗಿ ವರ್ಷಗಟ್ಟಲೆ ದುಡಿದ ನನಗೆ ಅನಿಸುವುದು ಇಷ್ಟು: ಸಾವು ಕಾನೂನನ್ನು ಬರೆಸಬಹುದು, ಅದು ನಡೆಯುವುದು ಬಂದು ನೋಡುವವನೊಬ್ಬನಿದ್ದಾಗ ಮತ್ತು ಪೆಟ್ಟಿನ ಖರ್ಚು ಮಾಲೀಕನ ಲೆಕ್ಕಕ್ಕೆ ಬಂದಾಗ.

ಬ್ರಿಟನ್ 1802ರಲ್ಲೇ ಗಿರಣಿಗಳ ಎಳೆಯ ಕೆಲಸಗಾರರಿಗಾಗಿ ಕಾಯಿದೆ ಮಾಡಿತ್ತು. ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸಬಾರದು, ವರ್ಷಕ್ಕೆರಡು ಸಲ ಗೋಡೆಗೆ ಸುಣ್ಣ ಬಳಿಸಬೇಕು, ಗಾಳಿಯಾಡಲು ಕಿಟಕಿ ಇರಬೇಕು. ನೋಡಿಕೊಳ್ಳಲು ಮಾತ್ರ ಸಂಬಳದ ಅಧಿಕಾರಿ ಒಬ್ಬನೂ ಇರಲಿಲ್ಲ, ಹೀಗಾಗಿ ಅದು ಹೆಚ್ಚುಕಡಿಮೆ ಕಾಗದದಲ್ಲೇ ಉಳಿಯಿತು. 1833ರಲ್ಲಿ ನಾಲ್ವರು ಇನ್ಸ್‌ಪೆಕ್ಟರುಗಳು ನೇಮಕವಾದರು. ಅಷ್ಟೊಂದು ಗಿರಣಿಗಳಿಗೆ ನಾಲ್ಕೇ ಜನ! ಆದರೂ ಅವರು ಒಳಗೆ ಹೋಗಿ ಕಂಡದ್ದನ್ನು ಬರೆದರು, 1844ರ ಹೊತ್ತಿಗೆ ಯಂತ್ರಗಳ ಅಪಾಯದ ಭಾಗಗಳಿಗೆ ತಡೆ ಹಾಕಬೇಕೆಂಬ ನಿಯಮ ಬಂತು.

ದುಡ್ಡಿನ ಕಥೆ ಇನ್ನೂ ನಿಧಾನ. 1835ರಲ್ಲಿ ಇಂಗ್ಲೆಂಡಿನ ಮಾಂಸದಂಗಡಿಯ ಆಳೊಬ್ಬ ಮಿತಿಮೀರಿ ಹೇರಿದ್ದ ಗಾಡಿ ಮುರಿದು ತೊಡೆ ಮುರಿದುಕೊಂಡ. ಜ್ಯೂರಿ 100 ಪೌಂಡ್ ಕೊಡಿಸಿತು, 1837ರಲ್ಲಿ ಮೇಲಿನ ನ್ಯಾಯಾಧೀಶರು ತಳ್ಳಿಹಾಕಿದರು: ಅಪಾಯ ಕಂಡರೆ ಗಾಡಿ ಹತ್ತದೆ ಇರಬಹುದಿತ್ತಲ್ಲ! ಹೊಟ್ಟೆಪಾಡಿಗೆ ದುಡಿಯುವವನು ಹಾಗೆ ಹೇಳಿ ನೋಡಲಿ. ಜರ್ಮನಿ 1884ರಲ್ಲಿ ಈ ಜಗಳವನ್ನೇ ಬದಿಗಿಟ್ಟಿತು. ತಪ್ಪು ಯಾರದೇ ಇರಲಿ, ಮಾಲೀಕರು ಕಟ್ಟುವ ವಿಮಾ ನಿಧಿಯಿಂದ ಪರಿಹಾರ. ಅಪಾಯ ಹೆಚ್ಚಿದ್ದ ಉದ್ಯಮಕ್ಕೆ ಕಂತೂ ಹೆಚ್ಚು. ಬ್ರಿಟನ್ 1897ರಲ್ಲಿ ಪರಿಹಾರ ಕಾಯಿದೆ ತಂದಿತು.

ದುರಂತವೇ ಬೇಕಿಲ್ಲ ಎಂಬುದಕ್ಕೆ ಬೆಂಕಿಪೊಟ್ಟಣವೇ ಸಾಕ್ಷಿ. ಕಡ್ಡಿಯ ತಲೆಗೆ ಬಳಸುತ್ತಿದ್ದ ಬಿಳಿ ರಂಜಕದ ಹಬೆ ಕುಡಿದ ಕೆಲಸಗಾರರ ದವಡೆಯ ಮೂಳೆ ವರ್ಷಗಟ್ಟಲೆ ಕೊಳೆಯುತ್ತಿತ್ತು, ಸದ್ದಿಲ್ಲದೆ. ಫಿನ್ಲೆಂಡ್ 1872ರಲ್ಲೇ ಅದನ್ನು ನಿಷೇಧಿಸಿತು. 1906ರಲ್ಲಿ ಬರ್ನ್ ನಗರದಲ್ಲಿ ಕೆಲವು ದೇಶಗಳು ಸೇರಿ ಒಪ್ಪಂದ ಮಾಡಿಕೊಂಡವು. ಅಮೆರಿಕ 1912ರಲ್ಲಿ ನೇರವಾಗಿ ನಿಷೇಧಿಸದೆ, ಅಂಥ ನೂರು ಕಡ್ಡಿಗೆ ಎರಡು ಸೆಂಟ್ ತೆರಿಗೆ ಹೇರಿತು. ಅವುಗಳ ವ್ಯಾಪಾರವೇ ನಿಂತಿತು.

1974ರ ಬ್ರಿಟಿಷ್ ಕಾಯಿದೆಯ ಹೊತ್ತಿಗೆ ಧಾಟಿ ಬದಲಾಗಿತ್ತು. ಯಂತ್ರಕ್ಕೊಂದು ನಿಯಮ ಬರೆಯುತ್ತಾ ಕೂರುವ ಬದಲು, ಅಪಾಯ ಗುರುತಿಸಿ ತಗ್ಗಿಸುವ ಹೊಣೆಯನ್ನೇ ಮಾಲೀಕನ ಮೇಲೆ ಹೊರಿಸಿದರು. ನನಗೆ ಇದು ಇಷ್ಟ. ಆದರೆ ನೋಡುವವನಿಲ್ಲದಿದ್ದರೆ ಇದೂ 1802ರ ಕಾಯಿದೆಯಂತೆಯೇ.

ಒಮ್ಮೆ ಲೋಹದ ತಗಡು ಒತ್ತುವ ಪವರ್ ಪ್ರೆಸ್ಸಿನಲ್ಲಿ ಒಬ್ಬ ಆಪರೇಟರ್ ಎರಡು ಬೆರಳು ಕಳೆದುಕೊಂಡ. ಎರಡು ಕೈಗಳಿಂದ ಎರಡು ಬಟನ್ ಒತ್ತಿದರೆ ಮಾತ್ರ ಕೆಳಗಿಳಿಯಬೇಕಾದ ಯಂತ್ರ ಅದು. ಒಂದು ಬಟನ್ನಿಗೆ ಮರದ ಚೂರು ತುರುಕಿತ್ತು, ಅದರ ಅಂಚು ಸವೆದು ಎಣ್ಣೆಯಲ್ಲಿ ಕಪ್ಪಾಗಿತ್ತು. ಒಂದು ದಿನದ ಕೆಲಸವಲ್ಲ ಅದು. ಪೀಸ್ ಲೆಕ್ಕದ ಕೂಲಿ, ಎರಡೂ ಕೈ ಬಟನ್ನಿನ ಮೇಲಿದ್ದರೆ ಲೆಕ್ಕ ತುಂಬುತ್ತಿರಲಿಲ್ಲ. ನಾನು ಮೊದಲು ವರದಿಯಲ್ಲಿ ಕಾರಣ ಎಂಬಲ್ಲಿ ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆದಿದ್ದೆ. ಮರುದಿನ ಅದನ್ನು ಹೊಡೆದುಹಾಕಿ, ಮರದ ಚೂರಿನ ವಿಷಯವನ್ನೂ ಕೂಲಿಯ ಲೆಕ್ಕವನ್ನೂ ಬರೆದೆ. ಅದಕ್ಕೆ ಸಹಿ ಹಾಕಲು ಮ್ಯಾನೇಜರು ಎಂಟು ದಿನ ತೆಗೆದುಕೊಂಡರು.