ಸಂಪಾದಕರ ಉತ್ತರ: ಫ್ಯಾನ್ ಬೇಕೋ, ತರಬೇತಿ ಬೇಕೋ?

ಸಿಸ್ಟರ್, ನಮಸ್ಕಾರ.

ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಸಿಂಧನೂರು ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದವರು ಎಂದಷ್ಟೇ ಓದುಗರಿಗೆ ಹೇಳುತ್ತೇನೆ. ಹವಾಮಾನ ಬದಲಾಗುತ್ತಿದೆ, ಡಾಕ್ಟರು-ನರ್ಸುಗಳಿಗೆ ಅದಕ್ಕೆ ತಕ್ಕ ತರಬೇತಿ ಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಅದಕ್ಕೆ ನೀವು, 'ನಮ್ಮ ವಾರ್ಡಿನಲ್ಲಿ ಎರಡು ಫ್ಯಾನು, ಒಂದು ತಿರುಗೋದಿಲ್ಲ. ತರಬೇತಿ ಅಂದ್ರೆ ರಾಯಚೂರಿಗೆ ಹೋಗಿ ಸಹಿ ಹಾಕಿ ಊಟ ಮಾಡಿ ಬರೋದು. ಅದರ ಬದಲು ಫ್ಯಾನ್ ಕೊಡಿಸಿ' ಎಂದು ಬರೆದಿದ್ದೀರಿ.

ನಿಮ್ಮ ಸಿಟ್ಟು ಸರಿ. ಫ್ಯಾನ್ ಬರಲೇಬೇಕು. ಆದರೆ ಸಿಸ್ಟರ್, ಹೊರಗೆ 40 ಡಿಗ್ರಿ ದಾಟಿದ ಮೇಲೆ ಬರೀ ಫ್ಯಾನ್ ಹಾಕಿದರೆ ಅದು ರೋಗಿಯ ಮೇಲೆ ಬಿಸಿಗಾಳಿಯನ್ನೇ ಹೊಡೆಯುತ್ತದೆ. ಮೈ ಒದ್ದೆ ಮಾಡಿ ಗಾಳಿ ಹಾಕಿದರೆ ಮಾತ್ರ ತಂಪು. ನಿಮಗೆ ಇದು ಗೊತ್ತಿರುತ್ತದೆ. ರಾತ್ರಿ ಪಾಳಿಯ ಗ್ರೂಪ್ ಡಿ ಅಣ್ಣನಿಗೆ, ಆಶಾ ಅಕ್ಕನಿಗೆ, 108ರವರಿಗೆ ಗೊತ್ತಿದೆಯಾ?

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣ ನಮ್ಮ ಸೋದರಮಾವ. ಮೇ ತಿಂಗಳಲ್ಲಿ ಕೆರೆ ಹೂಳೆತ್ತುವ ಕೆಲಸಕ್ಕೆ ಹೋಗಿದ್ದವರು ಮಧ್ಯಾಹ್ನ ಅಲ್ಲೇ ಬಿದ್ದರು. ಮೈ ಕಾದ ಹೆಂಚು. ಏನೇನೋ ಮಾತಾಡುತ್ತಿದ್ದರು. ಆಸ್ಪತ್ರೆಯಲ್ಲಿ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ಎಂದರು, ಪ್ಯಾರಾಸಿಟಮಾಲ್ ಕೊಟ್ಟರು, ಮೇಲೆ ಚಾದರ ಹೊದಿಸಿದರು. ಬಿಸಿಲು ಬಡಿದ ತಾಪಕ್ಕೆ ಆ ಮಾತ್ರೆ ಕೆಲಸ ಮಾಡುವುದಿಲ್ಲ. 104 ಫ್ಯಾರನ್‌ಹೀಟ್ ದಾಟಿ ಏನೇನೋ ಮಾತಾಡತೊಡಗಿದವರಿಗೆ ಮೊದಲ ಅರ್ಧ ಗಂಟೆಯಲ್ಲಿ ಮೈ ತಣ್ಣಗಾಗಬೇಕು, ಅಷ್ಟೇ. ಹತ್ತು ಹೆಜ್ಜೆ ಆಚೆ ಲಸಿಕೆ ಕೋಣೆಯ ಡೀಪ್ ಫ್ರೀಜರಿನಲ್ಲಿ ಐಸ್‌ಪ್ಯಾಕುಗಳಿದ್ದವು, ಅಲ್ಲಿದ್ದ ನಾಲ್ಕು ಜನರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ದೊಡ್ಡಾಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಮಾವ ಹೋದರು. ರಿಜಿಸ್ಟರಿನಲ್ಲಿ ಇವತ್ತಿಗೂ 'ಜ್ವರ' ಎಂದೇ ಇದೆ.

ನಿಮ್ಮ ಫ್ಯಾನ್ ಸಿಕ್ಕಿಹಾಕಿಕೊಂಡಿರುವುದೂ ಆ ರಿಜಿಸ್ಟರಿನಲ್ಲೇ. ಬಿಸಿಲಿನ ಕೇಸು ಎಂದು ಬರೆಯದಿದ್ದರೆ ಮೇಲಿನವರ ಲೆಕ್ಕದಲ್ಲಿ ನಿಮ್ಮ ತಾಲ್ಲೂಕಿನಲ್ಲಿ ಯಾರಿಗೂ ಬಿಸಿಲು ಬಡಿದೇ ಇಲ್ಲ! ಆಮೇಲೆ ಫ್ಯಾನ್ ಯಾಕೆ ಕಳಿಸುತ್ತಾರೆ? ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಲಿಗೆ 1,344 ಸಾವು ಜಾಸ್ತಿ ಆಗಿದ್ದವು ಎಂದು ಗೊತ್ತಾಗಿದ್ದು ಹಿಂದುಮುಂದಿನ ವರ್ಷಗಳ ಮೇ ತಿಂಗಳ ಜೊತೆ ಇಟ್ಟು ನೋಡಿದ ಮೇಲೆ. 2013ರಲ್ಲಿ ಆ ಊರು ಬಿಸಿಲಿಗೆಂದೇ ಯೋಜನೆ ಮಾಡಿತು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ ಕೊಟ್ಟಿತು. ಅಲ್ಲಿನ ಒಂದು ಆಸ್ಪತ್ರೆಯವರು ಬಿಸಿಲಿಗೆ ಕಾದುಹೋಗುವ ಮೇಲ್ಮಹಡಿಯಿಂದ ಹಸುಗೂಸುಗಳ ವಾರ್ಡನ್ನು ಕೆಳಗಿಳಿಸಿದರು. ಮಹಡಿ ಕಾಯುತ್ತಿದೆ ಎಂದು ಮೊದಲು ಯಾರಾದರೂ ಗಮನಿಸಬೇಕಾಗುತ್ತದೆ, ಅಲ್ವಾ?

ನಮ್ಮಲ್ಲೂ 2019ರಿಂದ ಹವಾಮಾನ ಬದಲಾವಣೆ ಮತ್ತು ಆರೋಗ್ಯಕ್ಕೆಂದೇ ಕೇಂದ್ರದ ರಾಷ್ಟ್ರೀಯ ಕಾರ್ಯಕ್ರಮ ಇದೆ. ಬೇಸಿಗೆಯುದ್ದಕ್ಕೂ ಬಿಸಿಲಿನ ಕೇಸು ವರದಿ ಮಾಡುವ ವ್ಯವಸ್ಥೆಯೂ ಇದೆ. ಮಳೆಗಾಲದ ಡೆಂಗಿ, 2009ರಂತೆ ನೆರೆ ಬಂದಾಗಿನ ವಾಂತಿಭೇದಿ, ಇವೂ ಇದರೊಳಗೇ ಬರುತ್ತವೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಸಹಿ-ಊಟದ ತರಬೇತಿ ನನಗೂ ಬೇಡ. ಫೆಬ್ರವರಿಯಲ್ಲಿ, ನಿಮ್ಮದೇ ವಾರ್ಡಿನಲ್ಲಿ, ಬಕೆಟ್ಟು, ಒದ್ದೆ ಚಾದರ, ಐಸ್‌ಪ್ಯಾಕು, ಗಡಿಯಾರ ಇಟ್ಟುಕೊಂಡು ಎಲ್ಲರೂ ಒಂದು ಸಲ ಮಾಡಿ ನೋಡಬೇಕು. ಡಾಕ್ಟರಿಂದ ಹಿಡಿದು ಗೇಟಿನವರವರೆಗೆ ಎಲ್ಲರೂ.

ಗೋಡೆಗೆ ಅಂಟಿಸುವಂಥ ಒಂದು ಪುಟ ಸಿದ್ಧ ಮಾಡುತ್ತಿದ್ದೇವೆ. ಅಚ್ಚಿಗೆ ಹೋಗುವ ಮೊದಲು ನಿಮಗೆ ಕಳಿಸುತ್ತೇನೆ. ನಿಮ್ಮಲ್ಲಿ ನಡೆಯದ ಸಾಲುಗಳ ಮೇಲೆ ಗೀಟು ಹಾಕಿ ವಾಪಸ್ ಕಳಿಸಿ. ಫ್ಯಾನ್ ರಿಪೇರಿಗೆ ಬರೆದುಕೊಟ್ಟ ಪತ್ರದ ಪ್ರತಿ ಇದ್ದರೆ ಅದನ್ನೂ ಜೊತೆಗಿಡಿ, ತಾರೀಖಿನ ಸಮೇತ ಪ್ರಕಟಿಸುತ್ತೇವೆ.

— ಸಂಪಾದಕ